ಕೆಂಪು ದಾರದ ನಲವತ್ತೆರಡು

ಬಾರ್ಕೆವ್,

ಮಾರಾಟಕ್ಕಿಟ್ಟಿರುವ ನಮ್ಮ ಹಾಸ್ಟೆಲ್ ಶಾಲೆಯನ್ನು ಉಳಿಸಲು ಹಳೇ ವಿದ್ಯಾರ್ಥಿಗಳ ಎರಡೂ ಸಂಘಗಳು ಇವತ್ತು ಬೈರೂತಿನಲ್ಲಿ ಸೇರಿದ್ದವು. ಹೌದು ಮಾರಾಯ, ನಿಮ್ಮದೂ ನಮ್ಮದೂ! ಮೂವತ್ತು ವರ್ಷದ ಮೇಲೆ ಒಂದೇ ಸೂರಿನಡಿ ಬಂದವರು, ಯಾರ ಬಾವುಟ ಮೇಲಿರಬೇಕೆಂದು ಜಗಳಕ್ಕೆ ನಿಂತರು. ನಾನೂ ಕೂಗಾಡಿದೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಆಗ, ಅಂದು ನಮ್ಮ ಬಟ್ಟೆ ಒಗೆಯುತ್ತಿದ್ದ ಸಾತೆನಿಗಮ್ಮ ಕೋಲು ಕುಟ್ಟಿದರು. ತೊಂಬತ್ತು ದಾಟಿದೆ, ದನಿ ಮಾತ್ರ ಹಾಗೇ ಇದೆ.

"ಬಾಯಿ ಮುಚ್ರೋ ಕತ್ತೆಗಳಾ! ನಿಮ್ಮ ಅಂಗಿ ಮೇಲೆ ಕೆಂಪು ದಾರದಲ್ಲಿ ನಾನು ಹೊಲಿದಿದ್ದು ನಂಬರು, ಸಂಘದ ಹೆಸರಲ್ಲ. ನಂಬರಿನ ಪ್ರಕಾರ ಕೂತ್ಕೊಳ್ರಿ!"

ಬೋಳುತಲೆಯ ಮುದುಕರೆಲ್ಲ ಎದ್ದು, ನಂಬರು ಹಿಡಿದು ಸಾಲಾಗಿ ಕೂತೆವು. ಎರಡು ಸಂಘಗಳೂ ಕಲಸಿಹೋದವು. ಶಾಲೆ ಮಾರಕೂಡದೆಂಬ ಕಾಗದಕ್ಕೆ ಆ ಸಾಲಿನಲ್ಲೇ ಸಹಿ ಹಾಕಿದೆವು.

ನಾನು ನಲವತ್ತೊಂದು. ಪಕ್ಕದ ಕುರ್ಚಿ ಖಾಲಿ ಇತ್ತು. ನಿಮ್ಮ ಸಂಘದವನೇ ಆದ ನಲವತ್ತಮೂರರ ಖೋರೆನ್ ಅಲ್ಲಿಗೆ ಸರಿಯಲು ಹೊರಟ.

"ಅದು ಬಾರ್ಕೆವ್ ಜಾಗ ಕಣೋ," ಎಂದೆ.

"ಅವನ ಮಣ್ಣಿಗೂ ಬರಲಿಲ್ಲವಲ್ಲೋ ನೀನು, ನಮ್ಮ ಸಂಘದವರು ಹೆಣ ಹೊರ್ತಾರೆ ಅಂತ," ಎಂದ ಮೆಲ್ಲಗೆ.

ಸಭೆ ಮುಗಿಯುವ ತನಕ ಆ ಕುರ್ಚಿಯ ಮೇಲೆ ನನ್ನ ಕೋಟು ಹಾಕಿ, ಯಾರೂ ಕೂರದಂತೆ ಕಾದೆ.

ನಲವತ್ತೊಂದು