ಭಾನುವಾರದ ನೆಗಡಿ

೫ ನವೆಂಬರ್ ೨೦೦೬, ಭಾನುವಾರ
ಬೆಳಿಗ್ಗೆ ವಾಲ್ವ್ ಬ್ರಷ್ ಮಾಡಿದ್ದಾಯಿತು. ಹತ್ತಕ್ಕೆ ಮೈಸೂರಿನಿಂದ ಅತ್ತೆಯ ಫೋನು. ಇವರು ಕತ್ತಿನ ತೂತನ್ನು ಹೆಬ್ಬೆರಳಲ್ಲಿ ಮುಚ್ಚಿ ಎರಡು ಮಾತಾಡಿದರು. ಕ್ಯಾನ್ಸರ್ ಅಂತ ಧ್ವನಿಪೆಟ್ಟಿಗೆ ತೆಗೆದದ್ದು, ಈ ಸಿಲಿಕೋನ್ ವಾಲ್ವಿನಿಂದಲೇ ಮಾತು ಬರುವುದು — ಯಾವುದೂ ಅತ್ತೆಗೆ ಗೊತ್ತಿಲ್ಲ. ಎಂಬತ್ತನಾಲ್ಕರ ಜೀವಕ್ಕೆ ಹೇಗೆ ಹೇಳುವುದು? ದನಿ ಯಾಕೆ ಒರಟು ಅಂದರೆ ನಮ್ಮ ಉತ್ತರ ಒಂದೇ — ನೆಗಡಿ.
“ದೇವಕಿ, ಅವನಿಗೆ ನೆಗಡಿ ಇರೋವಾಗ ದಿನಾ ಮಜ್ಜಿಗೆ ಕೊಡ್ತೀಯಾ? ಬಿಸಿ ಹಾಲಿಗೆ ಕಲ್ಲುಸಕ್ಕರೆ ಹಾಕಿ ಕೊಡು.”
ಆಯ್ತತ್ತೆ ಅಂದೆ. ಇವರೂ ತಲೆಯಾಡಿಸಿದರು. ಅಮ್ಮ ಹೇಳಿದ ಮೇಲೆ ಮುಗಿಯಿತು.

೨೬ ನವೆಂಬರ್
ಹಾಲು ದಿನಕ್ಕೆ ಮೂರು ಲೋಟ. ಮದರ್ ಡೈರಿ ಭಯ್ಯಾ ಕೇಳಿದ, “ದಹಿ ನಹೀಂ?” ಮೊಸರು ಬೇಡ ಅಂದೆ.

೨೩ ಡಿಸೆಂಬರ್
ನೀರು ಕುಡಿದರೆ ಕೆಮ್ಮು. ವಾಲ್ವ್ ಸೋರಿ ನೀರು ಶ್ವಾಸನಾಳಕ್ಕೆ ಇಳಿಯುತ್ತಿದೆ! ಹಿಂದಿನದು ಏಳು ತಿಂಗಳು ಬಂದಿತ್ತು. ಇದಕ್ಕೆ ಹತ್ತು ವಾರವೂ ಆಗಿಲ್ಲ. ಮಾತು ಅರ್ಧಕ್ಕೇ ನಿಲ್ಲುತ್ತದೆ.

೨೬ ಡಿಸೆಂಬರ್
ಡಾಕ್ಟರು ವಾಲ್ವ್ ತೆಗೆದು ತೋರಿಸಿದರು. ಅದರ ತುಂಬ ಬಿಳಿ ಪೊರೆ. ಯೀಸ್ಟ್ ಅಂತೆ, ಒಂಥರಾ ಬೂಷ್ಟು. “ಖಾನೇ ಮೇಂ ಕುಛ್ ಬದಲಾ?” ಊಟದಲ್ಲಿ ಬದಲಾದದ್ದು ಹಾಲು-ಸಕ್ಕರೆ ಅಂದೆ. ಮಜ್ಜಿಗೆ ನಿಲ್ಲಿಸಿದ್ದನ್ನೂ ಹೇಳಿದೆ. ಸಕ್ಕರೆ ಅಂದರೆ ಅದಕ್ಕೆ ಹಬ್ಬವಂತೆ. ಮಜ್ಜಿಗೆಯ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಅಂಟಿಕೊಳ್ಳಲು ಬಿಡುವುದಿಲ್ಲವಂತೆ... ಖಾತ್ರಿ ಏನಿಲ್ಲ, ಆದರೂ ಕುಡಿಸಿ ಅಂದರು.
ನಾವು ಹೇಳಿದ ಸುಳ್ಳಿಗೆ ಅತ್ತೆ ಕೊಟ್ಟ ಮದ್ದು. ಕುಡಿಸಿದವಳು ನಾನು. ಥೂ, ನನ್ನ ಬುದ್ಧಿಗಿಷ್ಟು.
ಹೊಸ ವಾಲ್ವಿಗೆ ಹದಿನೈದು ದಿನ ಕಾಯಬೇಕು. ಅಲ್ಲಿಯತನಕ ವಾಲ್ವಿನ ತೂತು ಮುಚ್ಚಿಕೊಳ್ಳದಂತೆ ನಳಿಕೆ, ಮಾತಿಗೆ ಸ್ಲೇಟು.

೩೧ ಡಿಸೆಂಬರ್, ಭಾನುವಾರ
“ಮಾರ್ಕೆಟ್ಟಿಗೆ ಹೋಗಿದ್ದಾರತ್ತೆ.” ಇವರು ಪಕ್ಕದಲ್ಲೇ ಕೂತಿದ್ದರು.

೭ ಜನವರಿ ೨೦೦೭, ಭಾನುವಾರ
“ನನ್ನ ಮಗ ಇದಾನೋ ಇಲ್ವೋ, ಅದನ್ನಾದ್ರೂ ಹೇಳೇ!” ಅತ್ತೆ ಅಳುತ್ತಿದ್ದರು. ಇದಾರೆ, ದೇವರಾಣೆ ಅಂದೆ. ನಂಬಲಿಲ್ಲ. ಇವರು ಸ್ಲೇಟಿನಲ್ಲಿ ಬರೆದರು — ವಾಲ್ವ್ ಬರಲಿ, ನಿಜ ನಾನೇ ಹೇಳ್ತೀನಿ.

೧೨ ಜನವರಿ
ಹೊಸ ವಾಲ್ವ್ ಹಾಕಿದರು. ಮೊದಲ ಮಾತು — “ಮಜ್ಜಿಗೆ ಎಲ್ಲೇ?” ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

೧೪ ಜನವರಿ, ಭಾನುವಾರ, ಬೆಳಿಗ್ಗೆ ೧೦
ಇವರೇ ಫೋನು ಮಾಡಿದ್ದಾರೆ. ಸ್ಪೀಕರ್ ಹಾಕಿದ್ದಾರೆ. ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ, ಕೈಗೊಂದು ಕೆಲಸ ಬೇಕು.
“ಅಮ್ಮಾ, ನಾನೇ.”
“ಅಯ್ಯೋ ಕಂದಾ! ಇನ್ನೂ ನೆಗಡಿ ಹೋಗಿಲ್ವೇನೋ?”
ಹೆಬ್ಬೆರಳು ಜಾರಿತು. ಮತ್ತೆ ಒತ್ತಿಕೊಂಡರು.
“ಅಮ್ಮಾ... ಅದು ನೆಗಡಿ ಅಲ್ಲ.” ಎಲ್ಲ ಹೇಳಿದರು.
ಅತ್ತೆ ಅಂದರು — “ದೇವಕಿಗೆ ಕೊಡು ಫೋನು.”
ಕೊಡುತ್ತಿದ್ದಾರೆ. ನಾನು ಏನು ಅಂತ ಹೇಳಲಿ—