ಬಾಯಲ್ಲಿ ಪ್ಯೂರ್, ಕೈಯಲ್ಲಿ ನಾಲ್ಕು ಬೆರಳು

ಅತ್ತೆ,

ನೀವಿದ್ದಾಗ ನಿಮಗೆ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಭಾನುವಾರದ ಫೋನಿನಲ್ಲಿ ಊಟ ಆಯ್ತಾ, ಮಂಡಿ ನೋವು ಹೇಗಿದೆ ಎಂದು ಕೇಳಿ ಮುಗಿಸಿಬಿಡುತ್ತಿದ್ದೆ. ಈಗ ಬರೆಯಲು ಕೂತಿರುವುದು ನಿಮ್ಮ ಮಗನ ಮೇಲೆ ದೂರು ಹೇಳುವುದಕ್ಕೆ. ಅದನ್ನು ನಿಮ್ಮಷ್ಟು ಸರಿಯಾಗಿ ಕೇಳಿಸಿಕೊಳ್ಳುವವರು ಇನ್ಯಾರೂ ಇಲ್ಲ. ದೂರಿನ ಮಧ್ಯೆ ನನ್ನದೂ ಒಂದು ತಪ್ಪು ಬರುತ್ತದೆ. ಬಂದಾಗ ಹೇಳುತ್ತೇನೆ.

ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ, ಮೈಸೂರಿನ ನಿಮ್ಮ ಕಾಫಿಪುಡಿ ಅಂಗಡಿಯಲ್ಲಿ ನಿಮ್ಮ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೆನಲ್ಲ, ನೆನಪಿದೆಯಾ? ಇಸ್ತ್ರಿ ಅಂಗಿಯವರೊಬ್ಬರು ಬಂದು, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ ‘ಅರ್ಧ ಕೆಜಿ, ಪ್ಯೂರ್’ ಅಂದರು. ಅನ್ನುತ್ತಲೇ, ಹೊಟ್ಟೆಗೆ ಒತ್ತಿ ಹಿಡಿದ ಕೈಯಲ್ಲಿ ನಾಲ್ಕು ಬೆರಳು ಬಿಡಿಸಿದರು. ನಾನು ಜಾಣೆಯಂತೆ ‘ಅತ್ತೆ, ಅವರಿಗೆ ನಾಲ್ಕು ಪೊಟ್ಟಣ ಬೇಕಂತೆ’ ಅಂದೆ. ಆ ಮನುಷ್ಯನ ಮುಖ ಕೆಂಪಾಯಿತು. ನೀವು ಮಾತ್ರ ಅಲುಗಲಿಲ್ಲ. ‘ಹೊಸಬಳು ಸಾರ್, ತಪ್ಪು ತಿಳ್ಕೊಂಡ್ಲು. ಪ್ಯೂರ್ ತಾನೇ? ಆಯ್ತು’ ಎಂದು ಗಟ್ಟಿಯಾಗಿ ಹೇಳಿ, ಕೌಂಟರಿನ ಕೆಳಗಿದ್ದ ಚಿಕೋರಿ ಡಬ್ಬಕ್ಕೆ ಕೈ ಹಾಕಿದಿರಿ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, ‘ಎಂ.ಎ. ಮಾಡಿದೀಯ, ಅಷ್ಟೊಂದು ಪದ್ಯ ಓದ್ತೀಯ, ಒಂದು ಕೈ ಓದಕ್ಕೆ ಬರಲ್ವಲ್ಲೇ ನಿಂಗೆ’ ಅಂದಿರಿ.

ನಾಲ್ಕು ಬೆರಳೆಂದರೆ ನೂರಕ್ಕೆ ನಲವತ್ತು ಪಾಲು ಚಿಕೋರಿ. ಆ ಬೇರಿನ ಪುಡಿಯ ಗಟ್ಟಿ ಕಹಿ ನಿಮ್ಮ ಗಿರಾಕಿಗಳ ನಾಲಿಗೆಗೆ ಹಿಡಿದಿತ್ತು. ಆದರೆ ಪಕ್ಕದವರೆದುರು ಅದನ್ನು ಒಪ್ಪಿಕೊಂಡರೆ ಅವರ ಮರ್ಯಾದೆ ಹೋಗುತ್ತಿತ್ತು. ಮಾವ ತೀರಿಕೊಂಡ ಮೇಲೆ ಅಷ್ಟು ವರ್ಷ ಆ ಜನರ ಮರ್ಯಾದೆಯನ್ನೆಲ್ಲ ನೀವೊಬ್ಬರೇ ಕೌಂಟರಿನ ಕೆಳಗೆ ಮುಚ್ಚಿಟ್ಟು ಕಾಪಾಡಿದಿರಿ. ಆ ಪುಡಿಯಿಂದಲೇ ಮಗನನ್ನು ಇಂಜಿನಿಯರ್ ಮಾಡಿದಿರಿ.

ಎರಡು ಸಾವಿರದ ಇಪ್ಪತ್ತರಲ್ಲಿ ಅಮೆರಿಕಾದ ಫೇರ್‌ಫ್ಯಾಕ್ಸಿನ ನಮ್ಮ ಮನೆಗೆ ಮೂರು ತಿಂಗಳಿಗೆಂದು ಬಂದ ನೀವು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಹಾಕಿಕೊಂಡಿರಿ. ತಂದ ಪುಡಿ ಬೇಗ ಮುಗಿಯಿತು. ನಿಮ್ಮ ಮಗ ಆಗಷ್ಟೇ ಕಾಫಿ ಪಂಡಿತರಾಗಿದ್ದರು. ಒಂದು ಯಂತ್ರ, ಬೀಜ ತೂಗಲು ಒಂದು ತಕ್ಕಡಿ, ನೀರಿನ ಬಿಸಿ ನೋಡಲು ಒಂದು ಕಡ್ಡಿ. ಜ್ವರ ಬಂದ ನಮ್ಮ ಮಗಳಿಗೂ ಅವರು ಅಷ್ಟು ಸಲ ಥರ್ಮಾಮೀಟರ್ ಇಟ್ಟಿರಲಿಲ್ಲ. ಶನಿವಾರ ಬೆಳಿಗ್ಗೆ ಎಲಿಕಾಟ್ ಸಿಟಿಯ ಅವರ ಗೆಳೆಯ ಶ್ರೀಧರ್ ಜೊತೆ ವಿಡಿಯೋ ಕಾಲ್. ಇಬ್ಬರೂ ಸುರ್ರೆಂದು ಹೀರಿ, ಒಬ್ಬರು ಬ್ಲೂಬೆರಿ ಅಂದರೆ ಇನ್ನೊಬ್ಬರು ಮಲ್ಲಿಗೆ ಅನ್ನುತ್ತಿದ್ದರು. ಕಾಫಿ ಎಂದು ಮಾತ್ರ ಇಬ್ಬರೂ ಅನ್ನುತ್ತಿರಲಿಲ್ಲ.

ಅಂಥದೊಂದು ಶನಿವಾರ ಶ್ರೀಧರ್ ಕೇಳಿದರು, ‘ನಿಮ್ಮನೇದು ಕಾಫಿಪುಡಿ ಅಂಗಡಿ ಇತ್ತಲ್ವಾ ಗುರು?’

‘ಅಯ್ಯೋ, ಅದೆಲ್ಲ ಅರ್ಧಕ್ಕರ್ಧ ಚಿಕೋರಿ. ಪ್ಲೇನ್ ಅಡಲ್ಟರೇಶನ್. ನಾನು ಕಾಫಿ ಅಂತ ಕುಡಿದಿದ್ದೇ ಅಮೆರಿಕಾಗೆ ಬಂದ್ಮೇಲೆ.’

ಅವರ ಬೆನ್ನ ಹಿಂದೆ, ಊಟದ ಮೇಜಿನ ಬಳಿ ನೀವು ಕೂತಿದ್ದಿರಿ. ನನ್ನನ್ನು ನೋಡಿದಿರಿ. ಸೀರೆಯ ನೆರಿಗೆಗೆ ಒತ್ತಿ ಹಿಡಿದ ಕೈಯಲ್ಲಿ ನಾಲ್ಕು ಬೆರಳು. ಈ ಸಲ ನನಗೆ ಓದಲು ಬರುತ್ತಿತ್ತು, ಅತ್ತೆ. ಓದಿದೆ. ಓದಿ, ಯಂತ್ರದ ಕಡೆ ತಿರುಗಿ ಗುಂಡಿ ಒತ್ತಿ, ಅವರ ಮಲ್ಲಿಗೆಯನ್ನೇ ಒಂದು ಲೋಟ ನಿಮ್ಮ ಮುಂದೆ ಇಟ್ಟೆ. ನೀವು ಎರಡು ಗುಟುಕು ಕುಡಿದು, ‘ಯಾಕೋ ಆಸಿಡಿಟಿ ಕಣೆ, ಬರೀ ಹಾಲು ಕೊಡು ಸಾಕು’ ಅಂದಿರಿ. ಮತ್ತೆ ಊರಿಗೆ ಹೊರಡುವವರೆಗೂ ಬರೀ ಹಾಲು. ಮರುವರ್ಷ ಅಲ್ಲೇ ನೀವು ಕಣ್ಣು ಮುಚ್ಚಿದಿರಿ. ಆಗಲೂ ಹೊರಟು ಬರಲು ನಮಗೆ ಆಗಲಿಲ್ಲ. ಕೊನೆಯ ತಿಂಗಳುಗಳಲ್ಲಾದರೂ ನಿಮ್ಮ ಅಳತೆಯ ಕಾಫಿ ಕುಡಿದಿರೋ, ಇಲ್ಲ ಅದನ್ನೂ...

ಈ ವರ್ಷ ಮೇ ತಿಂಗಳಲ್ಲಿ ಪ್ಯಾರಿಸ್‌ಗೆ ಹೋಗಿದ್ದೆವು. ಐದು ದಿನ, ಒಂದು ಮ್ಯೂಸಿಯಂ ಇಲ್ಲ, ಒಂದು ಚರ್ಚ್ ಇಲ್ಲ. ನಿಮ್ಮ ಮಗನ ಫೋನಿನಲ್ಲಿ ತಿಂಡಿತಿನಿಸಿನ ಅಂಗಡಿಗಳ ಪಟ್ಟಿ ಇತ್ತು, ಅದೇ ನಮ್ಮ ತೀರ್ಥಯಾತ್ರೆ. ಬರೀ ಉಪ್ಪು ಮಾರುವ ಅಂಗಡಿ. ಬರೀ ಜೇನು ಮಾರುವ ಅಂಗಡಿ. ಸಾಸಿವೆಯ ಗೊಜ್ಜನ್ನು ನಲ್ಲಿಯಿಂದ ಜಾಡಿಗೆ ಹಿಡಿದುಕೊಡುವ ಅಂಗಡಿ. ಎಲ್ಲ ಕಡೆಯೂ ನಮ್ಮಂಥವರೇ ಸಾಲುಗಟ್ಟಿ ನಿಂತು, ಚಮಚವನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದು, ಆಮೇಲೆ ನೆಕ್ಕುತ್ತಿದ್ದರು. ಒಂದು ಜೇನನ್ನು ನೆಕ್ಕಿ ನಿಮ್ಮ ಮಗ ‘ಲೆದರ್’ ಅಂದರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವರಿಗೆ ಜೇನಿನಲ್ಲಿ ಚರ್ಮದ ರುಚಿ ಸಿಕ್ಕಿತ್ತು. ಅದು ಹೊಗಳಿಕೆಯಂತೆ.

ಚೀಸ್ ಅಂಗಡಿಯಲ್ಲಿ ಅವರು ನಮಸ್ಕಾರವನ್ನೂ ಹೇಳದೆ ನೇರ ಗಾಜಿನ ಮೇಲೆ ಬೆರಳಿಟ್ಟು ‘ದಿಸ್ ಒನ್’ ಅಂದರು. ಅಂಗಡಿಯವಳು ಇವರನ್ನು ದಾಟಿ, ಹಿಂದಿದ್ದ ಮುದುಕನಿಗೆ ‘ಬೋಂಜೂರ್’ ಹೇಳಿ ಅವನಿಗೆ ಮೊದಲು ಕೊಟ್ಟಳು. ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ಆಮೇಲೆ ನಮ್ಮ ಸರದಿ ಬಂದಾಗ, ಇವತ್ತೇ ತಿನ್ನುತ್ತೀರೋ ನಾಳೆಗೋ ಎಂದು ಕೇಳಿ, ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತಿ ನೋಡಿ ಆರಿಸಿದಳು. ಹೊರಗೆ ಬಂದು ನಿಮ್ಮ ಮಗ ಹೇಳಿದರು, ‘ಏನ್ ಸರ್ವಿಸ್ ನೋಡು. ಇಂಡಿಯಾದಲ್ಲಿ ಯಾರು ಕೇಳ್ತಾರೆ ಹೀಗೆ?’

ಯಾರು ಕೇಳುತ್ತಿದ್ದರು, ಅತ್ತೆ? ಫಿಲ್ಟರಿಗೋ, ಬಟ್ಟೆಯಲ್ಲಿ ಸೋಸೋದಕ್ಕೋ, ಹಸುವಿನ ಹಾಲೋ ಎಮ್ಮೆ ಹಾಲೋ ಎಂದು ಪ್ರತಿಯೊಬ್ಬರನ್ನೂ ಕೇಳಿ ಪುಡಿ ಬೀಸಿಕೊಡುತ್ತಿದ್ದ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವರು ಇವರು. ಆ ಅಂಗಡಿಯಲ್ಲೇ ಕೂತು ಮಗ್ಗಿ ಕಲಿತವರು. ಚೀಸ್ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡೆ. ಹೇಳದೇ ಇರುವುದು ಅಷ್ಟುಹೊತ್ತಿಗೆ ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಕೊನೆಯ ದಿನ ಒಂದು ಸಣ್ಣ ಅಂಗಡಿಗೆ ಹೋದೆವು. ಕಾಯಿಪಲ್ಯದ ಬೀಜ, ಒಣಗಿದ ಬೇರು, ಕಷಾಯದ ಎಲೆ ಎಲ್ಲ ಇದ್ದವು. ಕೌಂಟರಿನ ಹಿಂದೆ ಸುಮಾರು ನಿಮ್ಮ ವಯಸ್ಸಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು. ಫ್ಲಾಸ್ಕಿನಿಂದ ಏನೋ ಕಪ್ಪಗಿನದನ್ನು ಪುಟ್ಟ ಕಪ್ಪಿಗೆ ಬಗ್ಗಿಸಿ ಕೊಟ್ಟಳು. ನಿಮ್ಮ ಮಗ ಹೀರಿ ಕಣ್ಣು ಮುಚ್ಚಿದರು. ‘ಸುಟ್ಟ ಸಕ್ಕರೆ. ಹುರಿದ ಕಾಯಿ. ಆಮೇಲೆ ಮಣ್ಣು ಕಣೆ, ಒದ್ದೆ ಮಣ್ಣು. ಏನ್ ಡೆಪ್ತ್ ಇದಕ್ಕೆ.’ ಆಕೆ ನಗುತ್ತಾ ಡಬ್ಬ ತೋರಿಸಿ ‘ಶಿಕೋರೇ’ ಅಂದಳು. ಚಿಕ್ಕವಳಿದ್ದಾಗ ಅಮ್ಮ ದಿನಾ ಬೆಳಿಗ್ಗೆ ಇದನ್ನೇ ಹಾಲಿಗೆ ಹಾಕಿ ಕೊಡುತ್ತಿದ್ದಳು ಎಂದು ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದಳು.

‘ರೀ, ಅದು ಚಿಕೋರಿ,’ ಅಂದೆ.

‘ಚಿಕೋರಿ ಅಲ್ಲ ಕಣೆ, ಶಿಕೋರೇ. ಇಲ್ಲಿನ ಮಣ್ಣೇ ಬೇರೆ. ನಮ್ಮೂರಿನ ಕಸಕ್ಕೂ ಇದಕ್ಕೂ ಕಂಪೇರ್ ಮಾಡಬೇಡ.’

ಮೂರು ಡಬ್ಬ ತೆಗೆದುಕೊಂಡರು. ಫುಟ್‌ಪಾತಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ‘ನಿಮ್ಮಮ್ಮ ನಮ್ಮನೇಲಿ ಕೇಳಿದ್ದು ಇದನ್ನೇ. ಬಾಯಿಬಿಟ್ಟಲ್ಲ. ಹೀಗೆ’ ಎಂದು ಹೊಟ್ಟೆಯ ಮೇಲೆ ನಾಲ್ಕು ಬೆರಳು ಇಟ್ಟು ತೋರಿಸಿದೆ. ಅಂಗಡಿಯಲ್ಲಿ ಬೆಳೆದವರಿಗೆ ಅರ್ಥ ಹೇಳಿಕೊಡಬೇಕೇ? ಅವರು ನನ್ನ ಕೈಯನ್ನೇ ನೋಡುತ್ತಾ ನಿಂತರು.

‘ಯಾವಾಗ?’

‘ನೀವು ಶ್ರೀಧರ್‌ಗೆ ಅಡಲ್ಟರೇಶನ್ ಅಂದ್ರಲ್ಲ, ಆವತ್ತು. ನಿಮ್ಮ ಬೆನ್ನ ಹಿಂದೆನೇ ಕೂತಿದ್ರು.’

ಡಬ್ಬಗಳ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದರು, ‘ನಿಂಗೆ ಗೊತ್ತಾಗಿತ್ತಲ್ಲ. ನೀನ್ಯಾಕೆ ತರಿಸ್ಕೊಡ್ಲಿಲ್ಲ?’

ಇದೇ ನನ್ನ ತಪ್ಪು, ಅತ್ತೆ. ಅವರ ಮೇಲಿನ ತಿರಸ್ಕಾರದಲ್ಲಿ ನಾನು ಇಷ್ಟು ವರ್ಷ ಹಾಯಾಗಿದ್ದೆ. ಒಂದೇ ಪ್ರಶ್ನೆಯಲ್ಲಿ ಅದರ ಅರ್ಧ ನನ್ನ ಪಾಲಿಗೆ ಬಂತು. ವಾರವಾರ ಇಂಡಿಯನ್ ಸ್ಟೋರಿನಿಂದ ಬೆಂಡೆಕಾಯಿ ಬಾಗಿಲಿಗೆ ಬರುತ್ತಿತ್ತು. ಆ ಪಟ್ಟಿಗೆ ಒಂದು ಪೊಟ್ಟಣ ಚಿಕೋರಿ ಪುಡಿ ಎಂದು ಬರೆಯುವುದು ಎಷ್ಟರ ಕೆಲಸ? ಬರೆಯಲಿಲ್ಲ. ಆ ವಿಡಿಯೋದಲ್ಲಿ ಚಿಕೋರಿ ಕುಡಿಯುವ ಮನೆಯವಳೆಂದು ಕಾಣಿಸಿಕೊಳ್ಳುವುದಕ್ಕೆ ನಾಚಿಕೆಯಾಗಿತ್ತು. ಪದ್ಯ ಓದುವವಳು ನಾನು, ಕಣ್ಣ ಮುಂದಿದ್ದ ಒಂದು ಕೈಯನ್ನು ಓದಿಯೂ ಓದದವಳಂತೆ ಇದ್ದೆ. ಏನೂ ಗೊತ್ತಿಲ್ಲದೆ ನಿಮ್ಮ ಮಗ ಆಡಿದ ಮಾತಿಗಿಂತ ಇದು ಕಡೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಪ್ಯಾರಿಸ್ಸಿನಿಂದ ಬಂದ ಮೇಲೆ ನೀವು ಇಲ್ಲೇ ಬಿಟ್ಟುಹೋಗಿದ್ದ ಹಿತ್ತಾಳೆ ಫಿಲ್ಟರನ್ನು ಗರಾಜಿನಿಂದ ತಂದು ತೊಳೆದೆ. ಇವರು ನೋಡಿದರು. ಹೋದ ಶನಿವಾರ ಶ್ರೀಧರ್ ನಮ್ಮ ಮನೆಗೆ ಬಂದಿದ್ದರು. ಅಡುಗೆಮನೆಯಲ್ಲಿ ಫಿಲ್ಟರ್ ಕಂಡು ಹುಬ್ಬೇರಿಸಿದರು. ‘ಏನ್ ಗುರು, ಬ್ಯಾಕ್ ಟು ಮೈಸೂರ್? ಚಿಕೋರಿ ಗಿಕೋರಿ ಇಲ್ಲ ತಾನೇ?’

‘ಛೆ ಛೆ. ಪ್ಯೂರ್,’ ಅಂದರು ನಿಮ್ಮ ಮಗ, ಶ್ರೀಧರ್‌ಗೆ ಬೆನ್ನು ಕೊಟ್ಟು, ನನ್ನ ಮುಖ ನೋಡುತ್ತಾ. ಹೊಟ್ಟೆಗೆ ಒತ್ತಿ ಹಿಡಿದ ಕೈಯಲ್ಲಿ ನಾಲ್ಕು ಬೆರಳು.

ಒಂದು ಗಳಿಗೆ, ಮೊದಲ ದಿನದ ಹಾಗೆ ‘ಇವರಿಗೆ ನಾಲ್ಕು ಪೊಟ್ಟಣ ಬೇಕಂತೆ’ ಎಂದು ಕೂಗಿಬಿಡೋಣವೆನ್ನಿಸಿತು. ಇಷ್ಟೆಲ್ಲ ಆದ ಮೇಲೂ ಅಮ್ಮನ ಅಂಗಡಿಯ ಹೆಸರನ್ನು ಬಾಯಿಬಿಟ್ಟು ಹೇಳಲಾರದವರಿಗೆ ಅದೇ ಸರಿಯಾದ ಶಾಸ್ತಿ. ಆದರೆ ಕೌಂಟರಿನ ಹಿಂದೆ ಈಗ ನಾನಿದ್ದೆ. ‘ಪ್ಯೂರ್ ತಾನೇ? ಆಯ್ತು’ ಎಂದು ಗಟ್ಟಿಯಾಗಿ ಹೇಳಿ, ಸಿಂಕಿನ ಕೆಳಗಿನ ಕಪಾಟಿನಿಂದ ಚಿಕೋರಿ ಡಬ್ಬ ತೆಗೆದೆ. ಡಿಕಾಕ್ಷನ್ ಇಳಿಯುವವರೆಗೂ ಅವರಿಬ್ಬರು ಮಲ್ಲಿಗೆ, ಬ್ಲೂಬೆರಿ ಎಂದು ಮಾತಾಡಿಕೊಂಡರು.

ಶ್ರೀಧರ್ ಒಂದು ಗುಟುಕು ಕುಡಿದು, ‘ಸೂಪರ್ ಬಾಡಿ ಗುರು. ಪ್ಯೂರ್ ಅಂದ್ರೆ ಇದು’ ಅಂದರು. ಆಮೇಲೆ ನನ್ನ ಲೋಟದ ಕಡೆ ನೋಡಿ, ‘ನಿಮ್ದೂ ಅದೇನಾ?’ ಎಂದು ಕೇಳಿದರು.

‘ಇಲ್ಲ ಶ್ರೀಧರ್. ನಾನು ಕುಡಿಯೋದು ನಲವತ್ತು ಪರ್ಸೆಂಟ್ ಚಿಕೋರಿ. ನಮ್ಮತ್ತೆ ಅಂಗಡಿ ಅಳತೆ.’

ಅವರು ನನ್ನನ್ನು ಕನಿಕರದಿಂದ ನೋಡಿ, ತಮ್ಮ ಲೋಟವನ್ನು ಇನ್ನೊಮ್ಮೆ ತುಂಬಿಸಿಕೊಳ್ಳಲು ಚಾಚಿದರು. ನಿಮ್ಮ ಮಗ ತಲೆ ಎತ್ತಲಿಲ್ಲ, ಲೋಟದೊಳಗೇ ನೋಡುತ್ತಿದ್ದರು. ಇನ್ನು ಮುಂದೆ ಯಾರು ಕೇಳಿದರೂ ನನ್ನ ಉತ್ತರ ಅಷ್ಟೇ ಗಟ್ಟಿಯಾಗಿರುತ್ತದೆ. ಆವತ್ತು ಮೂರು ಲೋಟಕ್ಕೂ ಬಗ್ಗಿಸಿದ್ದು ಒಂದೇ ಫಿಲ್ಟರಿನ ಡಿಕಾಕ್ಷನ್, ಅತ್ತೆ.

ನಿಮ್ಮ ಸೊಸೆ