ಎಕ್ಕಡ ಬಿಟ್ಟ ದೆವ್ವ

ಪಾಂಡವಪುರ
೧೮-೧-೨೦೨೪

ಪ್ರೀತಿಯ ಹೇಮೂ,

ನಿನ್ನ ಸೋದರಮಾವ ಈಗ ಕರ್ನಾಟಕಕ್ಕೇ ದೊಡ್ಡ ಸಿನಿಮಾ ಪಂಡಿತ. ನನ್ನನ್ನು ಒಂದು ಮಾತು ಕೇಳದೆ ಬೆಂಗಳೂರಿನಲ್ಲಿ ಯಾರೂ ಕ್ಯಾಮೆರಾ ಎತ್ತುವುದಿಲ್ಲ. ಅದಿರಲಿ, ನಿನ್ನ ಕೆಮ್ಮು ವಾಸಿಯಾಯಿತೇ? ಬೀದರಿನ ಚಳಿಗೆ ಕಿವಿ ಮುಚ್ಚಿಕೊಂಡೇ ಸ್ಕೂಲಿಗೆ ಹೋಗು. ಟೀಚರಮ್ಮ ಮಫ್ಲರ್ ಕಟ್ಟಿದಳೆಂದು ಮಕ್ಕಳು ನಕ್ಕರೆ ನನ್ನ ಹೆಸರು ಹೇಳು, ಹೆದರುತ್ತಾರೆ. ನಿಮ್ಮವ್ವ, ನನ್ನಕ್ಕ, ಚೆನ್ನಾಗಿದ್ದಾಳೆ, ಮಂಡಿನೋವು ಮಾತ್ರ ಹಾಗೇ ಇದೆ.

ಶ್ರೀರಂಗಪಟ್ಟಣದಲ್ಲಿ ಶಂಕರ್ ಅಂತ ಒಬ್ಬ ತನ್ನ ಸಿ.ಡಿ. ಅಂಗಡಿ ಮುಚ್ಚುತ್ತಿದ್ದಾನೆ. ಹಳೆಯ ದೆವ್ವದ ಪಿಕ್ಚರು, ಫೈಟಿಂಗ್ ಪಿಕ್ಚರು, ಯಾವುದು ತೆಗೆದುಕೊಂಡರೂ ಮೂವತ್ತು ರೂಪಾಯಿ. ದಿನಾ ಬೆಳಗಿನ ಬಸ್ಸಿಗೆ ಹೋಗಿ, ನೋಡಿದ ಮೇಲೆಯೇ ಕೊಳ್ಳುವುದು ಎಂದು ಅವನ ಟಿವಿ ಮುಂದೆ ಕೂತುಬಿಟ್ಟೆ. ಗೀರು ಬಿದ್ದದ್ದನ್ನು ತಲೆಗೆ ಕಟ್ಟಬೇಡ ಎಂದು ಅವನಿಗೆ ಹೇಳಿದ್ದು ನೆಪ. ನಾನು ಹುಡುಕುತ್ತಿದ್ದದ್ದು ನಿಮ್ಮಪ್ಪನನ್ನು.

ನಿನಗೆ ಎರಡು ತುಂಬುವ ಮೊದಲೇ ಚಿಕ್ಕಸ್ವಾಮಿ ಭಾವ ಹೋಗಿಬಿಟ್ಟರು. ಇರುವುದು ಮದುವೆಯ ಒಂದು ಫೋಟೋ; ಅದರಲ್ಲಿ ಸುಮ್ಮನೆ ನಿಂತಿದ್ದಾರೆ. ‘ಅಪ್ಪ ಹೆಂಗೆ ನಡೀತಿದ್ರು ಮಾವ?’ ಎಂದು ನೀನು ಕೇಳಿದಾಗಲೆಲ್ಲ ನಡೆದು ತೋರಿಸಿದೆನಲ್ಲ, ಅವೆಲ್ಲ ನಾನೇ ಕಟ್ಟಿದ ನಡಿಗೆ ಕಣವ್ವ. ನನಗೆ ಮರೆತೇಹೋಗಿತ್ತು. ನೀನು ಹುಟ್ಟುವ ಮೊದಲು ನಾಲೆಯ ಹತ್ತಿರ ಶೂಟಿಂಗಿಗೆ ಬಂದವರು ಅವರನ್ನು ಒಂದು ದಿನ ಕರೆದೊಯ್ದಿದ್ದರು. ದೆವ್ವದ ಪಾರ್ಟು ಮಾಡಿದರೋ, ಏಟು ತಿಂದು ಬೀಳುವ ಕಳ್ಳನದೋ, ಪಿಕ್ಚರಿನ ಹೆಸರೇನೋ, ಯಾರಿಗೂ ನೆನಪಿಲ್ಲ. ಅದಕ್ಕೇ ಎರಡು ಥರದ್ದನ್ನೂ ನೋಡಿದೆ.

ಆರನೆಯ ದಿನ ಒಂದು ದೆವ್ವ ಬಂತು. ಮೈತುಂಬ ಬಿಳಿ ಬಟ್ಟೆ, ಮುಖವೇ ಇಲ್ಲ. ನಾಯಕನನ್ನು ಅಟ್ಟಿಸಿಕೊಂಡು ಬಂದದ್ದು ಗದ್ದೆಯ ಬದುವಿನ ಮೇಲೆ ಗಕ್ಕನೆ ನಿಂತಿತು. ಕಾಲಿನ ಎಕ್ಕಡ ಬಿಟ್ಟು, ಎರಡನ್ನೂ ಜೋಡಿಸಿಟ್ಟು, ಆಮೇಲೆ ಪೈರಿಗೆ ಇಳಿದು ಮತ್ತೆ ಓಡಿತು. ಅನ್ನ ಬೆಳೆಯುವ ಜಾಗವನ್ನು ಎಕ್ಕಡದಲ್ಲಿ ತುಳಿಯದ ದೆವ್ವ ನಮ್ಮ ಮನೆಯದಲ್ಲದೆ ಇನ್ಯಾರದು? ಓಡುವಾಗ ಎಡಭುಜ ಒಂಚೂರು ಮುಂದೆ ಬಾಗಿತ್ತು. ಆಗ ನನಗೆ ನೆನಪಾಯಿತು ಹೇಮೂ, ಭಾವ ನಡೆಯುತ್ತಿದ್ದದ್ದೂ ಹಾಗೆಯೇ.

ಮನೆಗೆ ತಂದು ಹಾಕಿದೆ. ಅಕ್ಕ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ‘ಅವ್ರೇ ಕಣ್ಲಾ’ ಎಂದಳು. ಆಮೇಲೆ, ‘ಇನ್ನೊಂದು ಕಿತ ಆಕ್ಲಾ’ ಎಂದಳು. ಹನ್ನೊಂದು ಸಲ ಹಾಕಿದೆ. ಅವತ್ತು ಸಾರಿಗೆ ಸೊಪ್ಪೇ ಬೀಳಲಿಲ್ಲ.

ರಜೆ ಸಿಕ್ಕಿದ ಕೂಡಲೇ ಹೊರಟು ಬಾ. ನಿನ್ನ ಹೊಟ್ಟೆ ತಣ್ಣಗಿರಲಿ, ಕೆಮ್ಮು ಬೇಗ ಬಿಡಲಿ.

ನಿನ್ನ ಮಾವ,
ಹೊನ್ನಪ್ಪ

ಹೇಳಲು ಮರೆತೆ: ಅಕ್ಕನಿಗೆ ಮೂವತ್ತು ರೂಪಾಯಿ ಎಂದೇ ಹೇಳಿದ್ದೇನೆ, ನೀನೂ ಬಾಯಿ ಬಿಡಬೇಡ. ಆ ಓಟ ನೋಡಿ ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ. ಶಂಕರ್ ನೋಡಿದ. ಸಿ.ಡಿ. ಹೊರಗೆ ತೆಗೆದು ನಿಧಾನವಾಗಿ ಒರೆಸುತ್ತ, ‘ಇದು ಎಲ್ಲೂ ಸಿಗದ ಮಾಲು ಗೌಡ್ರೇ’ ಎಂದ. ನೋಡದೆ ಕೊಂಡಿದ್ದರೆ ಮೂವತ್ತಕ್ಕೇ ಬರುತ್ತಿತ್ತು. ಕೊಟ್ಟದ್ದು ಎರಡು ಸಾವಿರದ ಎಂಟುನೂರು.